ಬಲಗಡೆ ಹಿಂದಿನ ಮುಚ್ಚಳ

ಮೈಸೂರು ಸೀಮೆಯಲ್ಲಿ ಮೋಟಾರು ಕಾರು ಓಡಿಸುವವರು ಬೇಕಾದಷ್ಟು ಜನ ಇರಬಹುದು. ಆದರೆ ಹಿಂದಕ್ಕೆ ನೋಡಿಕೊಂಡು ಮುಂದಕ್ಕೆ ಓಡಿಸಿದವರು ನಮ್ಮ ಯಜಮಾನರೊಬ್ಬರೇ! ಹೆಂಡತಿ ಎಂದು ಹೇಳಿಕೊಳ್ಳುವ ಬಡಾಯಿಯಲ್ಲ ಇದು. ಮಧುಗಿರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಎದುರಿಗೆ ಎತ್ತಿನ ಗಾಡಿ ಬಂದರೆ ಎತ್ತುಗಳೇ ದಾರಿ ಬಿಡಬೇಕಾಗಿತ್ತು, ಏಕೆಂದರೆ ಇವರ ಮುಖ ಆ ಕಡೆ ಇರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕತ್ತು ನೇರ ಮಾಡಲು ಬಿಸಿ ಹರಳೆಣ್ಣೆ ತಿಕ್ಕುವುದು ನನ್ನ ಕೆಲಸ. ಎಲ್ಲರ ಮನೆಯಲ್ಲೂ ಕಾರಿಗೆ ಎಣ್ಣೆ ಬೇಕಾಗುತ್ತದೆ, ನಮ್ಮ ಮನೆಯಲ್ಲಿ ಓಡಿಸುವವರಿಗೂ ಬೇಕಾಗುತ್ತಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಾಲದವರಿಗಿಲ್ಲ. ಈಗ ಹೇಳಿದರೆ ತಿರುಗಿ ನೋಡುವವರು ಯಾರೂ ಇಲ್ಲ. ಆದರೂ ನಾಲಿಗೆ ಹೊರಳುವುದಿಲ್ಲ.

ಹಿಂದಕ್ಕೆ ಏನನ್ನು ನೋಡುತ್ತಿದ್ದರು? ಗಾಲಿಯ ಮುಚ್ಚಳವನ್ನು. ಕಾರಿನ ಗಾಲಿಯ ನಡುಮಧ್ಯದಲ್ಲಿ ಒಂದು ಗುಂಬ ಇರುತ್ತದೆ. ಅದರ ಮೇಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಹೊಳೆಯುವ ಮುಚ್ಚಳವೊಂದು ಕೂರುತ್ತದೆ. ಅದು ಇಲ್ಲದಿದ್ದರೂ ಕಾರು ಓಡುತ್ತದೆ. ಇದನ್ನು ನಾನು ಅವರಿಗೆ ಒಂದು ಸಲ ಹೇಳಿದೆ. "ಮೂಗುತಿ ಇಲ್ದಿದ್ರೂ ಉಸಿರಾಡಬಹುದು," ಎಂದರು.

ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಹುಣಸೆಹಣ್ಣಿನವರಿಗೆ ಕಾರು ಏಕೆ ಎಂದು ಊರೇ ಕೇಳಿತು. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರು ತಮ್ಮ ಹಳೆಯ ಕಾರನ್ನು ಮಾರಿದರು, ಇವರು ಕೊಂಡರು, ಅಷ್ಟೇ. ಮೂರು ಗಾಲಿ ಕಾರಿನ ಜೊತೆಯಲ್ಲೇ ಹುಟ್ಟಿದವು. ಬಲಗಡೆ ಹಿಂದಿನದು ಮಾತ್ರ ಬೇರೆ ಯಾವುದೋ ಕಾರಿನಿಂದ ಬಂದು ಸೇರಿಕೊಂಡದ್ದು. ಸವತಿಯ ಮಗುವಿನ ಹಾಗೆ ಅದಕ್ಕೆ ಮುಚ್ಚಳವಿರಲಿಲ್ಲ. ಮೂರು ಗಾಲಿ ಫಳಫಳ, ಒಂದು ಬೋಳು.

ಕಾರು ಬಂದ ಹೊಸದರಲ್ಲಿ ನನ್ನ ಅಣ್ಣ ಅದನ್ನು ನೋಡಲು ಪಾವಗಡದಿಂದ ಬಂದ. ಅಲ್ಲಿಯವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಲಗಡೆ ಹಿಂದೆ ನಿಂತ.

"ಬಂಡಿ ಚಾಲಾ ಬಾಗೈತೆ ಬಾವಾ," ಎಂದ. "ಗಾನೀ, ಮೂರ್ ಕೈಗೆ ಬಳೆ ತೊಡ್ಸಿ ಒಂದ್ ಕೈ ಬೋಳು ಬಿಟ್ಟಿದೀಯಲ್ಲ, ಇದೇಮಿ ನ್ಯಾಯ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಊಟದ ಎಲೆಯ ಮುಂದೆ ಕೂತು, ಮೊದಲ ತುತ್ತಿಗೆ ಮೊದಲೇ ಅಣ್ಣನಿಗೆ ಹೇಳಿದರು: "ಕೇಳು ಬಾವಾ. ನಾಲ್ಕೂ ಮುಚ್ಚಳ ಸರಿಯಾಗಿ ಕೂತು, ಇಲ್ಲಿಂದ ನಿಮ್ಮ ಮನೆ ಬಾಗಿಲ ತನಕ ಒಂದೂ ಬೀಳದೆ ಬರಬೇಕು. ಆವತ್ತೇ ನಿನ್ನ ತಂಗೀನ ತವರಿಗೆ ಕರ್ಕೊಂಡು ಬರೋದು. ಅಲ್ಲೀತನಕ ಇಲ್ಲ."

ಪ್ರತಿಜ್ಞೆ ಅವರದು, ತವರು ನನ್ನದು!

ಪಾವಗಡದಲ್ಲಿ ನನ್ನ ಅಮ್ಮನಿಗೆ ಕಣ್ಣು ಮಂಜಾಗುತ್ತಿತ್ತು. ಗೌರಿ ಹಬ್ಬಕ್ಕೆ ಬಾ, ಇನ್ನೂ ಸ್ವಲ್ಪ ಕಾಣಿಸುವಾಗಲೇ ಬಾ ಎಂದು ಹೇಳಿ ಕಳಿಸಿದ್ದಳು. ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದೆ.

"ಕಾರಿರೋರ ಹೆಂಡ್ತಿ ಬಸ್ಸಲ್ಲಿ ಹೋದ್ರೆ ಜನ ಏನಂತಾರೆ?"

"ಕಾರಿದ್ದೂ ಹೋಗದೇ ಇದ್ರೆ ಏನಂತಾರೆ?"

"ಅದನ್ನ ಯಾರೂ ಗಮನಿಸೋದಿಲ್ಲ," ಎಂದರು.

ಬೆಂಗಳೂರಿನ ಗುಜರಿಯಿಂದ ಒಂದು ಮುಚ್ಚಳ ಬಂತು. ಕೂರಿಸಿದರೆ ಕೂರುತ್ತಿತ್ತು, ಆದರೆ ನೆಂಟರ ಮನೆಯಲ್ಲಿ ಕೂತ ಹಾಗೆ, ಯಾವಾಗ ಏಳಲಿ ಎಂದು. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ನಿತ್ಯಕರ್ಮವೊಂದು ಶುರುವಾಯಿತು. ಬೆಳಿಗ್ಗೆ ಸ್ನಾನವಾಗಿ, ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಇವರು ಕೊಟ್ಟಿಗೆಗೆ ಹೋಗುವರು. ಎತ್ತುಗಳನ್ನು ಹೊರಗೆ ಕಟ್ಟಿ ಕಾರನ್ನು ಒಳಗೆ ನಿಲ್ಲಿಸಿದ್ದರು. ನಾಲ್ಕು ಗಾಲಿಯ ಮುಚ್ಚಳಗಳನ್ನೂ ಒಂದೊಂದಾಗಿ ಅಂಗೈಯಿಂದ ಒತ್ತುವರು. ಸರಿಯಾಗಿ ಕೂತ ಮುಚ್ಚಳ 'ಟಕ್' ಎನ್ನಬೇಕಂತೆ. ಬಲಗಡೆ ಹಿಂದಿನದನ್ನು ಒತ್ತಿದ ಮೇಲೆ ಅಡಿಗೆಮನೆಯ ಕಡೆ ತಿರುಗಿ ಕೂಗುವರು:

"ಕೇಳಿಸ್ತೇನೇ?"

ನಾನು ಒರಳುಕಲ್ಲಿನ ಮುಂದೆ. ಗುಂಡಕಲ್ಲು ಗಡಗಡ ತಿರುಗುತ್ತಿರುವಾಗ ಬಾಗಿಲಲ್ಲಿ ಸಿಡಿಲು ಹೊಡೆದರೂ ಕೇಳಿಸದು, ಇನ್ನು ಟಕ್ ಕೇಳಿಸುವುದೆ? ಆದರೂ "ಕೇಳಿಸ್ತು!" ಎಂದು ಕೂಗುತ್ತಿದ್ದೆ. ಇಲ್ಲ ಎಂದರೆ ಇನ್ನೊಂದು ಸಲ ತೆಗೆದು, ಇನ್ನೊಂದು ಸಲ ಒತ್ತಿ, ಇನ್ನೊಂದು ಸಲ ಕೇಳುವರು. ಅಷ್ಟರಲ್ಲಿ ನನ್ನ ಹಿಟ್ಟು ಹುಳಿಯುತ್ತದೆ. ಸಂಸಾರದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಮುಕ್ಕಾಲು ಪಾಲು ಇದೇ.

ಆ ಗೌರಿ ಹಬ್ಬಕ್ಕೆ ಹೊರಟೆವು. ಮುಚ್ಚಳ ಬಿಗಿಯಾಗಲೆಂದು ಒಳಗೆ ನನ್ನ ಹಳೆಯ ಸೀರೆಯ ಅಂಚನ್ನು ಸುತ್ತಿದ್ದರು. ನಾನು ಉಟ್ಟಿದ್ದು ಹೊಸ ಸೀರೆ, ಗಾಲಿ ಉಟ್ಟಿದ್ದು ಹಳೆಯದು. ಮಿಡಿಗೇಶಿಯ ಹತ್ತಿರ ಕಲ್ಲು ದಾರಿಯಲ್ಲಿ ಟಣ್ ಎಂದಿತು. ನೋಡಿದರೆ ಮುಚ್ಚಳ ನಮಗಿಂತ ಮುಂದೆ ಪಾವಗಡದ ಕಡೆಗೆ ಉರುಳಿಕೊಂಡು ಹೋಗುತ್ತಿದೆ! ನನಗಿಂತ ಅದಕ್ಕೇ ನನ್ನ ತವರಿನ ಆಸೆ ಹೆಚ್ಚಾಗಿದ್ದಂತೆ ಕಂಡಿತು. ಇವರು ಇಳಿದು ಅದನ್ನು ಹಿಡಿದು ಒರೆಸಿ ಮಡಿಲಲ್ಲಿಟ್ಟುಕೊಂಡು ಕಾರು ತಿರುಗಿಸಿದರು.

"ಹಾಕ್ಕೊಂಡು ಮುಂದಕ್ಕೆ ಹೋಗೋಣ, ಅಣ್ಣನಿಗೇನು ಗೊತ್ತಾಗುತ್ತೆ?" ಎಂದೆ.

"ನನಗೆ ಗೊತ್ತಾಗುತ್ತಲ್ಲ," ಎಂದರು.

ಮಧ್ಯಾಹ್ನಕ್ಕೆ ಮನೆಗೆ ವಾಪಸು. ಎದುರು ಮನೆಯಾಕೆ ಜಗಲಿಯಲ್ಲೇ ಕೂತಿದ್ದಳು. "ಇದೇನಕ್ಕಾ, ತವರಿಂದ ಇಷ್ಟ್ ಬೇಗ ಬಂದ್ಬುಟ್ರಾ?" ಎಂದಳು. "ಹೂಂ, ಅಮ್ಮ ಚೆನ್ನಾಗಿದ್ದಾಳೆ," ಎಂದು ಒಳಗೆ ಹೋದೆ.

ಮುಂದಿನ ವರ್ಷ ಬೆಲ್ಲ ಸುಣ್ಣ. ಹಳೆಯ ಕಾಲದ ಕೋಟೆಗಳನ್ನೇ ಬೆಲ್ಲ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾರೆ, ಇನ್ನೂ ನಿಂತಿವೆ, ಒಂದು ಮುಚ್ಚಳ ನಿಲ್ಲುವುದಿಲ್ಲವೆ ಎನ್ನುವುದು ಅವರ ವಾದ. ಮಧುಗಿರಿಯಲ್ಲಿ ಇದ್ದವರಿಗೆ ಕೋಟೆಯ ಉದಾಹರಣೆ ಎದುರಿಗೇ ಇರುತ್ತದೆ, ಉತ್ತರ ಕೊಡುವುದು ಕಷ್ಟ. ಗಾರೆ ಗಟ್ಟಿಯಾಗಲೆಂದು ಸುಣ್ಣಕ್ಕಿಂತ ಬೆಲ್ಲವನ್ನೇ ಹೆಚ್ಚು ಹಾಕಿದರು. ಈ ಸಲ ಮಿಡಿಗೇಶಿ ದಾಟಿತು. ಮೈಸೂರು ಸೀಮೆಯೂ ದಾಟಿತು. ಪಾವಗಡ ಮಹಾರಾಜರದೇ ಆದರೂ, ನಡುವೆ ಒಂದು ತುಂಡು ನೆಲ ಮದರಾಸಿನವರದು. ಅಲ್ಲಿ ಬಾವಿಯೊಂದರ ಹತ್ತಿರ ಕಾರಿಗೆ ನೀರು ಕುಡಿಸಲು ನಿಲ್ಲಿಸಿದರು. ಕೊಡ ಹಿಡಿದು ಬಾವಿಗೆ ಹೋಗಿ ಬರುವಷ್ಟರಲ್ಲಿ ಕಾರಿನ ಬಲಗಡೆ ಒಂದು ಮೇಕೆಯ ಹಿಂಡು. ಮೂರು ಮೇಕೆ ಸಾಲಾಗಿ ನಿಂತು ಗಾಲಿ ನೆಕ್ಕುತ್ತಿವೆ! ಇವರು ಓಡಿ ಬಂದರು. ಮೇಕೆ ಕಾಯುವ ಮುದುಕನೂ ಓಡಿ ಬಂದು ತನ್ನ ಬೆರಳನ್ನು ಗಾಲಿಗೆ ತಗುಲಿಸಿ ನಾಲಿಗೆಗೆ ಇಟ್ಟು ನೋಡಿದ.

"ಸಾಮೀ, ನೀ ಬಂಡಿ ಚಾನಾ ತೀಪಿ ಐತೆ," ಎಂದ. "ಮಿಗತಾ ಮೂಡೂ ಇಂಗೇನಾ?"

ಮಿಕ್ಕ ಮೂರೂ ಹೀಗೇ ಸಿಹಿಯಾಗಿವೆಯೆ ಎಂದು ಕೇಳುವ ಮನುಷ್ಯನಿಗೆ ಏನು ಹೇಳುವುದು? ಮುಚ್ಚಳ ಅವನ ಪಾದದ ಹತ್ತಿರ, ತೊಳೆದಿಟ್ಟ ಹಾಗೆ ಬಿದ್ದಿತ್ತು. ಕಾರು ಮತ್ತೆ ತಿರುಗಿತು. ಎದುರು ಮನೆಯಾಕೆ ಈ ಸಲ ಬಾಗಿಲಿಗೆ ಬಂದು ಎಣಿಸಿದವಳಂತೆ ಗಾಲಿಗಳನ್ನು ನೋಡಿ ಒಳಗೆ ಹೋದಳು. ಅಮ್ಮನಿಗೆ ಎಡಗಣ್ಣು ಪೂರ್ತಿ ಹೋಯಿತೆಂದು ಸುದ್ದಿ ಬಂದದ್ದು ಆ ತಿಂಗಳೇ. ಇವರಿಗೆ ಹೇಳಿದೆ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಸಿರಾಕ್ಕೆ ಹೊರಟರು.

ಸಿರಾದಲ್ಲಿ ತಾಮ್ರ ಹಿತ್ತಾಳೆಯ ಕೆಲಸ ಮಾಡುವ ಸಾಬರೊಬ್ಬರಿದ್ದರು. ಅವರು ಮಾಡಿದ ಪಾತ್ರೆಗೆ ಅವರು ಮಾಡಿದ ಮುಚ್ಚಳ ಹಾಕಿದರೆ ಒಳಗಿನ ಅನ್ನಕ್ಕೆ ಹೊರಗಿನ ಸುದ್ದಿ ತಿಳಿಯದು ಎಂದು ಹೆಸರು. ಗಾಲಿಯ ಅಳತೆ ಒಯ್ಯಬೇಕಲ್ಲ? ನಾನು ಹೂ ಕಟ್ಟಲು ನೀರಿನಲ್ಲಿ ನೆನೆ ಹಾಕಿದ್ದ ಬಾಳೆ ನಾರೊಂದನ್ನು ಇವರು ಎಳೆದುಕೊಂಡು, ಗುಂಬದ ಸುತ್ತ ಸುತ್ತಿ, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಹೋದರು. ಮಳೆ ಕೈಕೊಟ್ಟ ವರ್ಷ, ಉರಿಬಿಸಿಲು. ಮಧುಗಿರಿಯಿಂದ ಸಿರಾಕ್ಕೆ ಹೋಗುವಷ್ಟರಲ್ಲಿ ಮನುಷ್ಯರೇ ಒಣಗುತ್ತಾರೆ, ನಾರಿನ ಪಾಡೇನು? ಸಾಬರು ಗಂಟಿನ ಅಳತೆಗೆ ಕೂದಲೆಳೆ ತಪ್ಪದೆ ಹಿತ್ತಾಳೆಯ ಮುಚ್ಚಳ ಮಾಡಿ, ಒಳಗೆ ಕಲಾಯಿ ಹಾಕಿ ಕೊಟ್ಟರು. ಮನೆಗೆ ತಂದು ಇಟ್ಟರೆ ಗಾಲಿಯ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿತು, ಇಳಿಯಲೇ ಇಲ್ಲ. ಮತ್ತೆ ಸಿರಾಕ್ಕೆ ಹೋದರು. ಸಾಬರು ನಾರನ್ನು ನೋಡಿದರು, ಇವರನ್ನು ನೋಡಿದರು.

"ಯಜಮಾನ್ರೇ, ನಿಮ್ದುಕೆ ನಾರು ಒಣಗೈತೆ," ಎಂದರು. "ನಮ್ದು ಮುಚ್ಚಳ ಬರಾಬರ್ ಐತೆ. ಈಗ ಗಾಲೀನ ಬಿಸ್ಲಲ್ಲಿ ಇಟ್ಟು ಒಣಗ್ಸಿ!"

ಆ ಮುಚ್ಚಳ ನಮ್ಮ ತುಪ್ಪದ ಗಡಿಗೆಗೆ ಹೇಳಿ ಮಾಡಿಸಿದಂತೆ ಆಯಿತು. ಇರುವೆ ಕೂಡ ಒಳಗೆ ಹೋಗಲಾರದು. ಇವರು ಊಟಕ್ಕೆ ಕೂತಾಗಲೆಲ್ಲ ತುಪ್ಪದ ಗಡಿಗೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಗಾಲಿಗೆ ಮತ್ತೆ ಬೆಂಗಳೂರಿನ ಗುಜರಿ ಮುಚ್ಚಳವೇ ಗತಿಯಾಯಿತು, ಅದನ್ನೇ ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊಂದಿಸಲು ನೋಡಿದರು.

ಮೂರನೆಯ ಗೌರಿ ಹಬ್ಬ ಹತ್ತಿರ ಬಂತು. ಪ್ರತಿ ವರ್ಷದಂತೆ ಕೊರಟಗೆರೆಯಿಂದ ಲಚ್ಚವ್ವ ಬಂದಳು. ಬಳೆಯ ಮಲಾರ ಹೊತ್ತುಕೊಂಡು ಊರೂರು ತಿರುಗುವವಳು. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ನನ್ನ ಕೈಗೆ ಬಳೆ ತೊಡಿಸಿದ್ದು ಅವಳೇ. ನನ್ನ ಕೈ ಗಿಡ್ಡ, ಗೆಣ್ಣು ದಪ್ಪ. ಒಳಗೆ ಕಟ್ಟೆಯ ಮೇಲೆ ಕೂತು ಅವಳು ನನ್ನ ಕೈ ಹಿಡಿದು ಹಸಿರು ಬಳೆ ಏರಿಸುತ್ತಿರುವಾಗ ಇವರು ಬಂದು ಎದುರಿಗೇ ಕೂತುಬಿಟ್ಟರು. ಹೆಂಗಸರು ಬಳೆ ಇಡಿಸಿಕೊಳ್ಳುವ ಕಡೆ ಗಂಡಸು ಬಂದು ಕೂರುವುದುಂಟೆ? ನಾನು ಕಣ್ಣು ಬಿಟ್ಟೆ. ಅವರಿಗೆ ನನ್ನ ಕಣ್ಣು ಕಾಣುತ್ತಿರಲಿಲ್ಲ, ನನ್ನ ಗೆಣ್ಣು ಕಾಣುತ್ತಿತ್ತು.

"ಲಚ್ಚವ್ವಾ, ಅಷ್ಟು ಸಣ್ಣ ಬಳೆ ಇಷ್ಟು ದಪ್ಪ ಕೈಗೆ ಹೆಂಗೆ ಹೋಯ್ತು?"

"ಒತ್ಬಾರ್ದು ಸಾಮಿ," ಎಂದಳು ಲಚ್ಚವ್ವ ತಲೆ ಎತ್ತದೆ. "ಒಪ್ಪುಸ್ಬೇಕು. ಒಂದೊಂದ್ ಕೈಗೂ ಒಂದೊಂದ್ ದಾರಿ ಐತೆ. ತಿರುಗುಸ್ತಾ ತಿರುಗುಸ್ತಾ ಕೇಳ್ಬೇಕು, ಎಲ್ಲಿ ಬುಡ್ತೀಯವ್ವಾ ಅಂತ. ಅದೇ ಬುಡ್ತದೆ."

ಇವರು ಎದ್ದು ನಿಂತರು. "ಬಾ ಇಲ್ಲಿ," ಎಂದರು.

ಬಳೆ ಮಾರುವ ಹೆಂಗಸನ್ನು ಮೋಟಾರು ರಿಪೇರಿಗೆ ಕರೆದೊಯ್ದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ನನಗೆ ತಿಳಿಸಿ. ಲಚ್ಚವ್ವ ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಚ್ಚಳದ ಅಂಚಿನ ಮೇಲೆ ಬೆರಳಾಡಿಸಿದಳು.

"ಕೊಡ ತಟ್ದಂಗೆ ತಟ್ಟಿದೀರಲ್ಲ ಸಾಮಿ! ಇಲ್ಲೊಂದ್ ತಗ್ಗು, ಇಲ್ಲೊಂದ್ ಉಬ್ಬು. ಇದ್ನ ಇಡ್ಕೊಂಡ್ ಸುತ್ಗೆ ತಕಂಡ್ರಾ?"

ಇವರು ಶಾಲೆಯ ಮೇಷ್ಟ್ರ ಎದುರು ನಿಂತ ಹಾಗೆ ಕೈ ಕಟ್ಟಿ ನಿಂತಿದ್ದರು. ಲಚ್ಚವ್ವ ಬೆಚ್ಚಗಿನ ಹರಳೆಣ್ಣೆ ತರಿಸಿದಳು. ಅಂಚಿಗೆ ಸವರಿ, ಮುಚ್ಚಳವನ್ನು ಗುಂಬದ ಮೇಲಿಟ್ಟು, ಅಂಗೈಯ ಬುಡದಿಂದ ಮೆಲ್ಲಗೆ ತಿರುಗಿಸತೊಡಗಿದಳು. ಗಾಲಿಯೊಂದಿಗೆ ಮಾತು ಬೇರೆ: "ಸಡ್ಲ ಬುಡವ್ವಾ... ಎದುರ್ಕೋಬ್ಯಾಡ... ಆಯ್ತು, ಇನ್ನೊಂದೀಟು..." ಮುಚ್ಚಳದ ತಗ್ಗಿಗೆ ಗುಂಬದ ಉಬ್ಬು ಎಲ್ಲಿ ಸರಿಹೋಗುತ್ತಿತ್ತೋ ಅಲ್ಲಿ ಕೈ ನಿಂತಿತು.

ಅದು ಕೂತಿತಂತೆ. ಟಕ್ ಎಂದಿತಂತೆ. ನಾನು ಬಳೆ ಕೈಯಲ್ಲಿ ಒಲೆಯ ಮುಂದೆ ಹಾಲು ನೋಡಲು ಓಡಿದ್ದೆ.

"ಕೇಳಿಸ್ತೇನೇ?" ಎಂದು ಕೂಗಿದರು. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೇಳಿಸ್ತು!" ಎಂದೆ.

ಆ ಗೌರಿಗೆ ಪಾವಗಡ ಮುಟ್ಟಿದೆವು. ಮಿಡಿಗೇಶಿ ದಾಟಿ, ಮೇಕೆಯ ಮುದುಕನಿಗೆ ಕೈ ಬೀಸಿ, ಇವರು ದಾರಿಯುದ್ದಕ್ಕೂ ಹಿಂದಕ್ಕೆ ನೋಡುತ್ತ, ನಾನು ಅವರ ಬದಲಿಗೆ ಮುಂದಕ್ಕೆ ನೋಡಿ "ಗಾಡಿ, ಗಾಡಿ!" ಎಂದು ಕೂಗುತ್ತ, ಅಂತೂ ಅಣ್ಣನ ಬಾಗಿಲಲ್ಲಿ ನಾಲ್ಕು ಮುಚ್ಚಳಗಳೊಂದಿಗೆ ನಿಂತೆವು. ಅಣ್ಣ ಮತ್ತೆ ಪ್ರದಕ್ಷಿಣೆ ಹಾಕಿದ. ಬಲಗಡೆ ಹಿಂದೆ ನಿಂತ. ಬಗ್ಗಿ ನೋಡಿದ. ಅವನ ಮುಖ ನೋಡಿ ನನಗೇ ಅಯ್ಯೋ ಎನ್ನಿಸಿತು.

"ಹಾರನ್ ಸೊಟ್ಟಕೈತೆ ಕದಾ ಬಾವಾ," ಎಂದ.

ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮೊದಲು ನನ್ನ ಮುಖ ಸವರಿದಳು. ಆಮೇಲೆ "ಆ ಹಾಳು ಮುಚ್ಚಳ ಎಲ್ಲೇ?" ಎಂದು ಕೇಳಿದಳು. ಇವರೇ ಕೈ ಹಿಡಿದು ಕಾರಿನ ಸುತ್ತ ನಡೆಸಿದರು. ಒಂದೊಂದು ಗಾಲಿಯ ಮುಂದೆಯೂ ಅಮ್ಮ ಬಗ್ಗಿ ಮುಟ್ಟಿ ಎಣಿಸಿದಳು. ನಾಲ್ಕು ಆದ ಮೇಲೆ, "ಐದನೇದು ಇಲ್ಲ ತಾನೇ ಅಳಿಯಂದ್ರೇ? ಇದ್ರೆ ಈಗ್ಲೇ ಹೇಳ್ಬಿಡಿ," ಎಂದಳು. ಮನೆಯವರು ನಗುವಾಗ ಈ ಸಲ ಇವರೂ ನಕ್ಕರು. ಆಗ ಮಾತ್ರ ನಕ್ಕರು. ವಾಪಸು ಬರುವ ದಾರಿಯಲ್ಲಿ ಕಣ್ಣೆಲ್ಲ ಹಾರನ್ನಿನ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು. ಕೂತ ಮುಚ್ಚಳ ಎಷ್ಟು ಗಟ್ಟಿಯಾಗಿ ಕೂತಿತು ಎಂದರೆ, ಮುಂದೆ ಗಾಲಿ ಬಿಚ್ಚಬೇಕಾದಾಗ ಅದು ಬರಲೇ ಇಲ್ಲ. ಇವರು ಕಾರನ್ನು ಮನೆಯಲ್ಲಿ ಬಿಟ್ಟು, ಬಸ್ಸಿನಲ್ಲಿ ಕೊರಟಗೆರೆಗೆ ಹೋಗಿ ಲಚ್ಚವ್ವನನ್ನು ಕರೆತಂದರು. ಅವಳು ವಿಷಯ ಕೇಳಿ ಸೆರಗು ಬಾಯಿಗೆ ಹಚ್ಚಿಕೊಂಡಳು.

"ಬುಡ್ತು ಅನ್ನಿ ಸಾಮಿ! ತೊಡ್ಸೋದು ನನ್ ಕಸುಬು. ತೆಗೆಯೋ ಕೈ ಅಲ್ಲ ಇದು. ನಾನ್ ಯಾವ್ ಕೈಯಿಂದ್ಲೂ ತೆಗ್ದವ್ಳಲ್ಲ."

ಗಾಲಿಯಲ್ಲವೆ ಎಂದರೆ, "ಗಾಲಿಯಾದ್ರೇನು, ಕೈ ಅಂತ ಇಡ್ದಿದ್ದೀನಲ್ಲ," ಎಂದಳು. ಇವರಿಗೆ ಆ ಮಾತು ಪೂರ್ತಿ ಒಪ್ಪಿಗೆಯಾಯಿತು. ಲೋಕದಲ್ಲಿ ಇವರ ಮಾತು ಅವಳೊಬ್ಬಳಿಗೆ, ಅವಳ ಮಾತು ಇವರೊಬ್ಬರಿಗೆ ಅರ್ಥವಾಗುತ್ತಿತ್ತು. ಕೊನೆಗೆ ಸೀಗೆಕಾಯಿ ನೊರೆ ಹಚ್ಚಿ ಇವರೇ ಬಿಚ್ಚುವುದನ್ನು ಕಲಿತರು.

ಆಮೇಲೆ ಯುದ್ಧ ಬಂತು. ಪೆಟ್ರೋಲಿಗೆ ಚೀಟಿಯಾಯಿತು. ನಮ್ಮಂಥವರ ಕಾರು ಕೊಟ್ಟಿಗೆಯಲ್ಲಿ ನಿಂತಿತು. ನಿಂತ ಕಾರಿನ ಮುಚ್ಚಳ ಎಲ್ಲಿಗೆ ಬೀಳುತ್ತದೆ? ಆದರೂ ಬೆಳಿಗ್ಗೆಯ ಒತ್ತುವಿಕೆ ನಿಲ್ಲಲಿಲ್ಲ. ಅಚ್ಚುಗಳ ಕೆಳಗೆ ಕಲ್ಲು ಕೊಟ್ಟು ಏರಿಸಿದ್ದ ಕಾರಿನ ಸುತ್ತ ಸುತ್ತಿ, ನಾಲ್ಕನೆಯದನ್ನು ಒತ್ತಿ, "ಕೇಳಿಸ್ತೇನೇ?" ಎನ್ನುವರು. ನಾನು ಒರಳುಕಲ್ಲಿನಿಂದ "ಕೇಳಿಸ್ತು" ಎನ್ನುವೆ. ಜ್ವರ ಹಿಡಿದ ಮೇಲೆ, ನಾಲ್ಕನೆಯ ದಿನವೂ ಗೋಡೆ ಹಿಡಿದುಕೊಂಡು ಹೋಗಿ ಕೇಳಿದರು. ಐದನೆಯ ದಿನ ಕೇಳಲಿಲ್ಲ.

ನನ್ನ ಕೈಯಿಂದ ತೆಗೆಯಲು ಬೇರೆ ಹೆಂಗಸರು ಬಂದರು.

ಕರ್ಮಗಳೆಲ್ಲ ಮುಗಿದ ಮೇಲೆ ಅಣ್ಣ ಬಸ್ಸಿನಲ್ಲಿ ಬಂದು ಪಾವಗಡಕ್ಕೆ ಕರೆದ. "ಇಲ್ಲೊಬ್ಬಳೇ ಏನ್ ಮಾಡ್ತೀಯ, ಬಾಮ್ಮಾ," ಎಂದ. ಮಾತಾಡುತ್ತ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಗಾಲಿಗಳನ್ನು ನೋಡಿದ. ಆಮೇಲೆ ನನ್ನ ಕೈ ನೋಡಿದ. ಹಿಂದೆ ತಾನು ಆಡಿದ್ದ ಮಾತು ಅವನಿಗೆ ನೆನಪಾಗಿರಬೇಕು, ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡ. ನಾನೇ ಅವನನ್ನು ಸಮಾಧಾನ ಮಾಡಬೇಕಾಯಿತು. "ಕಾರಿರೋರ ಹೆಂಡ್ತಿ ಬಸ್ಸಲ್ಲಿ ಬಂದ್ರೆ ಜನ ಏನಂತಾರಣ್ಣ?" ಎಂದೆ. ನಾನು ಹೋಗಲಿಲ್ಲ.

ಈ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಲಚ್ಚವ್ವ ಊರಿಗೆ ಬಂದಳೆಂದು ತಿಳಿಯಿತು. ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತೆ. ನನ್ನಂಥವರ ಮನೆಯ ಮುಂದೆ ಬಳೆಗಾರ್ತಿ ನಿಲ್ಲುವುದಿಲ್ಲ, ತಪ್ಪೂ ಅಲ್ಲ. ಎದುರು ಮನೆಯಲ್ಲಿ ಗಾಜಿನ ಸದ್ದು, ನಗು. ಆಮೇಲೆ ನಮ್ಮ ಕೊಟ್ಟಿಗೆಯ ಅಗುಳಿ ತೆಗೆದ ಸದ್ದಾಯಿತು. ಹೋಗಿ ನೋಡಿದರೆ ಲಚ್ಚವ್ವ. ಮಲಾರವನ್ನು ಬಟ್ಟೆ ಮುಚ್ಚಿ ಜಗಲಿಯ ಮೇಲಿಟ್ಟು, ಬರಿಗೈಯಲ್ಲಿ ಒಳಗೆ ಬಂದು, ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಮೂರು ಮುಚ್ಚಳ ಒತ್ತಿ ನೋಡಿ ಆಗಿದೆ. ಬಲಗಡೆ ಹಿಂದಿನದು ಮಾತ್ರ ಅವಳ ತೊಡೆಯ ಮೇಲಿದೆ.

"ನೋಡೋರಿಲ್ದೆ ಸಡ್ಲ ಆಗೈತೆ ಕಣವ್ವಾ," ಎಂದಳು. "ಎಣ್ಣೆ ತಕಂಬಾ."

ತಂದುಕೊಟ್ಟೆ. ಎರಡು ಸಲ ಕೂರಿಸಿದಳು, ಜಾರಿತು.

"ನನ್ ಕೈಯಲ್ಲಾಗಕಿಲ್ಲ. ನೀ ಬಾ ಇಲ್ಲಿ."

"ನನಗೆ ಬರೋದಿಲ್ಲ ಲಚ್ಚವ್ವ. ನಾನು ಒಂದು ದಿನಾನೂ ಮುಟ್ಟಿಲ್ಲ."

"ಮದ್ವೆ ಆದಾಗ್ಲಿಂದ ಇಡ್ದಿರೋ ಕೈ ಇದು. ಬತ್ತದೋ ಇಲ್ವೋ ನಂಗೊತ್ತಿಲ್ವಾ? ಕೂತ್ಕೋ."

ಕೂತೆ. ಅವಳು ನನ್ನ ಬಲಗೈ ಎಳೆದುಕೊಂಡು ಎಣ್ಣೆ ಸವರಿದಳು. ಅಭ್ಯಾಸಬಲ, ಅವಳ ಹೆಬ್ಬೆರಳು ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿತು, ಬಳೆ ಏರಿಸುವ ಮುಂಚೆ ಮಡಿಸುವ ಹಾಗೆ. ಮಡಿಸಿ ನಿಂತಿತು. ಇಬ್ಬರೂ ಆ ಕೈಯನ್ನೇ ನೋಡಿದೆವು. ಆಮೇಲೆ ಅವಳು ಒಂದೊಂದಾಗಿ ಬೆರಳು ಬಿಡಿಸಿ, ಅಂಗೈಯನ್ನು ಮುಚ್ಚಳದ ಮೇಲಿಟ್ಟಳು.

"ಒತ್ಬ್ಯಾಡ. ಒಪ್ಪುಸು."

ತಿರುಗಿಸಿದೆ. ತಣ್ಣಗಿನ ಲೋಹ, ಎಣ್ಣೆ, ಅಂಚಿನಲ್ಲಿ ಅವರ ಸುತ್ತಿಗೆಯ ಗುರುತುಗಳು. ಒಂದು ಕಡೆ ಅದು ತಾನಾಗಿ ನಿಂತಿತು. ಕೊಟ್ಟಿಗೆಯಲ್ಲಿ ಸದ್ದಿರಲಿಲ್ಲ. ಒರಳುಕಲ್ಲು ತಿರುಗದೆ ಎಷ್ಟೋ ತಿಂಗಳಾಗಿದೆ, ಒಬ್ಬಳಿಗೆ ಎಷ್ಟು ರುಬ್ಬುವುದು?

ಟಕ್.

ಇಷ್ಟು ಸಣ್ಣ ಸದ್ದೆಂದು ನನಗೆ ಗೊತ್ತಿರಲಿಲ್ಲ.

"ಕೇಳಿಸ್ತು," ಎಂದೆ.

"ಏನವ್ವಾ?" ಎಂದಳು ಲಚ್ಚವ್ವ.

"ಕೇಳಿಸ್ತು ಕಣ್ರೀ," ಎಂದೆ, ಸ್ವಲ್ಪ ಗಟ್ಟಿಯಾಗಿ.